ಮಗಳ ಪ್ರಶ್ನೆ, ಮನೆಯ ನಗು

ಒಂದು ಸಮುದಾಯವನ್ನು ದೂರದಿಂದ ನೋಡುವವರಿಗೆ ಅದರ ವಿಚಿತ್ರಗಳು ಕಾಣುತ್ತವೆ, ಅಡುಗೆಮನೆ ಕಾಣುವುದಿಲ್ಲ. ಅಮೆರಿಕದ ಮಾರ್ಮನ್ನರ ಪಾಡೂ ಇದೇ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ, 1847ರಲ್ಲಿ ಯೂಟಾದ ಬರಡು ನೆಲಕ್ಕೆ ವಲಸೆ ಬಂದ ಈ ಪಂಥದ ಹೆಸರೆತ್ತಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬಹುಪತ್ನಿತ್ವ. ಆ ಪದ್ಧತಿಯನ್ನು ಕೈಬಿಡುವುದಾಗಿ ಮುಖ್ಯ ಚರ್ಚ್ 1890ರಲ್ಲೇ ಸಾರಿತ್ತು. ಆದರೂ 2006ರಿಂದ 2011ರವರೆಗೆ ಪ್ರಸಾರವಾದ 'ಬಿಗ್ ಲವ್' ಧಾರಾವಾಹಿ ಯೂಟಾದಿಂದ ಆರಿಸಿಕೊಂಡದ್ದು ಮೂವರು ಹೆಂಡಿರ ಮನೆಯನ್ನೇ. 2011ರ ಬ್ರಾಡ್‌ವೇ ಸಂಗೀತ ನಾಟಕ 'ದ ಬುಕ್ ಆಫ್ ಮಾರ್ಮನ್' ಅವರ ಮುಗ್ಧತೆಯನ್ನು ಗೇಲಿಯ ಸರಕಾಗಿಸಿತು. ಕುತೂಹಲ, ಇಲ್ಲವೇ ಗೇಲಿ. ಅಲ್ಪಸಂಖ್ಯಾತರನ್ನು ಚಿತ್ರಿಸಲು ಜಗತ್ತಿಗೆ ಈ ಎರಡು ಬಣ್ಣಗಳೇ ಸಾಕಾಗುವುದನ್ನು ನಾವು ಬೇರೆಡೆಯೂ ಕಂಡಿದ್ದೇವೆ.

ಆದ್ದರಿಂದಲೇ ಮಾರ್ಮನ್ ತಂದೆತಾಯಂದಿರು ತಮ್ಮ ಹೆಣ್ಣುಮಕ್ಕಳ ಬಗ್ಗೆ ಬರೆಯುವ ಲಘು ಬರಹಗಳನ್ನು ನಾವು ಹಗುರವಾಗಿ ನೋಡಬಾರದು. ಅವರಲ್ಲಿ ಸೋಮವಾರದ ಸಂಜೆ ಕುಟುಂಬಕ್ಕೆಂದೇ ಮೀಸಲು. 1915ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಒಂದು ಹಾಡು, ಒಂದು ಪ್ರಾರ್ಥನೆ, ಒಂದು ಪಾಠ, ಕೊನೆಗೆ ಏನಾದರೊಂದು ಸಿಹಿ ಇರುತ್ತದೆ. ಮಕ್ಕಳ ಕಣ್ಣು ಯಾವುದರ ಮೇಲಿರುತ್ತದೆಂದು ಹೇಳಬೇಕಿಲ್ಲ. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಉಪವಾಸ ಮಾಡಿ, ಊಟದ ಖರ್ಚು ಉಳಿಸಿದ ಹಣವನ್ನು ಬಡವರಿಗೆ ಕೊಡುತ್ತಾರೆ. ಅಂದಿನ ಸಭೆಯಲ್ಲಿ ಯಾರು ಬೇಕಾದರೂ ವೇದಿಕೆಯೇರಿ ತಮ್ಮ ವಿಶ್ವಾಸದ ಬಗ್ಗೆ ನಾಲ್ಕು ಮಾತಾಡಬಹುದು. ಪುಟ್ಟ ಹುಡುಗಿಯೂ ಏರುತ್ತಾಳೆ. ಅಮ್ಮ ಕಿವಿಯಲ್ಲಿ ಉಸುರಿದ್ದನ್ನು ಮೈಕಿನಲ್ಲಿ ಒಪ್ಪಿಸುತ್ತಾಳೆ. ಅಮ್ಮ ಹೇಳಿಕೊಡದ ಒಂದು ಮಾತನ್ನೂ ಸೇರಿಸಿಬಿಟ್ಟರೆ ಅಮ್ಮನ ಮುಖ ಕೆಂಪಾಗುತ್ತದೆ. ಮನೆಯ ಗುಟ್ಟನ್ನು ನಾಲ್ಕು ಜನರೆದುರು ಬಿಚ್ಚಿಡುವ ಮಗು ಯಾವ ಧರ್ಮದಲ್ಲಿಲ್ಲ?

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿದೆ. ನಮ್ಮ ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಮಾರ್ಮನ್ನರಲ್ಲಿ ಹಸುಗೂಸಿಗೆ ಹೆಸರಿಟ್ಟು ಹರಸುವಾಗ ಗಂಡಸರು ಸುತ್ತ ನಿಂತು ಕೂಸನ್ನು ಕೈಯಲ್ಲಿ ಹಿಡಿಯುತ್ತಾರೆ. ಹೆತ್ತವಳು ಬೆಂಚಿನಲ್ಲಿ ಕುಳಿತು ನೋಡುತ್ತಾಳೆ. ಹನ್ನೆರಡರ ಆಸುಪಾಸಿನಲ್ಲಿ ಹುಡುಗನಿಗೆ ಪೌರೋಹಿತ್ಯದ ಮೊದಲ ಮೆಟ್ಟಿಲು ಸಿಗುತ್ತದೆ. ಅವನ ತಂಗಿಗೆ ಆ ವಯಸ್ಸಾದರೂ ಸಿಗುವುದಿಲ್ಲ. "ಅಪ್ಪಾ, ನನಗೆ ಯಾಕಿಲ್ಲ?" ಎಂದು ಅವಳು ಕೇಳಿದಾಗ ಬರಹಗಾರ ಏನು ಮಾಡುತ್ತಾನೆ ಎಂಬಲ್ಲಿ ಬರಹದ ಸತ್ವ ತಿಳಿಯುತ್ತದೆ. ದುರ್ಬಲ ಬರಹ 'ಎಷ್ಟು ಚೂಟಿ ನನ್ನ ಮಗಳು' ಎಂದು ಪ್ರಶ್ನೆಯನ್ನೇ ನಗೆಹನಿ ಮಾಡಿ ಮುಗಿಸುತ್ತದೆ. ಒಳ್ಳೆಯ ಬರಹದಲ್ಲಿ ನಗು ಉತ್ತರ ಹೊಳೆಯದೆ ತಡವರಿಸುವ ಅಪ್ಪನ ಮೇಲೆ ಬೀಳುತ್ತದೆ. ಮೊದಲನೆಯದು ವಾತ್ಸಲ್ಯದ ವೇಷದ ನಿರ್ಲಕ್ಷ್ಯ, ಎರಡನೆಯದು ನಿಜವಾದ ವಾತ್ಸಲ್ಯ.

ಇಂಥ ಸಣ್ಣ ಸಂಗತಿಗಳಿಗೆ ಬೆಲೆಯಿದೆಯೇ ಎನ್ನುವವರಿಗೆ ಲಾರೆಲ್ ಥ್ಯಾಚರ್ ಉಲ್ರಿಚ್ ಉತ್ತರವಾಗಿದ್ದಾರೆ. ಐದು ಮಕ್ಕಳ ತಾಯಿಯಾದ ಈ ಮಾರ್ಮನ್ ಇತಿಹಾಸಕಾರ್ತಿ ಮೇನ್ ಪ್ರಾಂತ್ಯದ ಸೂಲಗಿತ್ತಿ ಮಾರ್ಥಾ ಬಲ್ಲಾರ್ಡ್ 1785ರಿಂದ 1812ರವರೆಗೆ ಬರೆದಿಟ್ಟ ದಿನಚರಿಯನ್ನು ಆಧರಿಸಿ 'ಎ ಮಿಡ್‌ವೈಫ್ಸ್ ಟೇಲ್' ಬರೆದರು. ಹೆರಿಗೆ, ನೇಯ್ಗೆ, ಮನೆಗೆಲಸದ ಕ್ಷುಲ್ಲಕ ಟಿಪ್ಪಣಿ ಎಂದು ಇತರರು ಬದಿಗಿಟ್ಟಿದ್ದ ಆ ದಿನಚರಿ ಒಂದು ಕಾಲದ ಇತಿಹಾಸವೇ ಆಯಿತು. 1991ರಲ್ಲಿ ಕೃತಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಇದೇ ಉಲ್ರಿಚ್ 1974ರಲ್ಲಿ ಬಾಸ್ಟನ್ ಕಡೆಯ ಮಾರ್ಮನ್ ಗೆಳತಿಯರೊಡನೆ ಸೇರಿ 'ಎಕ್ಸ್‌ಪೊನೆಂಟ್ 2' ಎಂಬ ಪತ್ರಿಕೆ ಕಟ್ಟಿದವರು. ಮಕ್ಕಳ ತುಂಟಾಟ ಬರೆಯುವ ಕೈಯೇ ತನ್ನ ನೋವನ್ನೂ ಬರೆಯಬಲ್ಲದೆಂದು ಆ ಪತ್ರಿಕೆ ತೋರಿಸಿತು.

ಇದರ ಇನ್ನೊಂದು ಮಗ್ಗುಲು ಟೆರಿ ಟೆಂಪೆಸ್ಟ್ ವಿಲಿಯಮ್ಸ್ ಅವರ 2012ರ 'ವೆನ್ ವಿಮೆನ್ ವರ್ ಬರ್ಡ್ಸ್' ಕೃತಿಯಲ್ಲಿದೆ. ಮಾರ್ಮನ್ ಹೆಂಗಸು ದಿನಚರಿ ಬರೆಯಬೇಕೆಂಬುದು ಅಲ್ಲಿನ ನಿರೀಕ್ಷೆ. ಕ್ಯಾನ್ಸರ್‌ನಿಂದ ಸಾಯುತ್ತಿದ್ದ ತಾಯಿ ತನ್ನ ದಿನಚರಿಗಳನ್ನು ಮಗಳಿಗೆ ಬಿಟ್ಟುಹೋದಳು. ತಾನು ಹೋದ ಮೇಲೆಯೇ ನೋಡಬೇಕೆಂದು ಮಾತು ತೆಗೆದುಕೊಂಡಿದ್ದಳು. ಮಗಳು ತೆರೆದು ನೋಡಿದರೆ ಮೂರು ಕಪಾಟಿನ ಸಾಲು ತುಂಬ ಪುಸ್ತಕಗಳು, ಎಲ್ಲವೂ ಖಾಲಿ ಹಾಳೆ. ನಗಿಸಿದ್ದನ್ನೆಲ್ಲ ಬರೆದಿಡುವ ಮನೆಯಲ್ಲಿ ಬರೆಯದೆ ಉಳಿದದ್ದೆಷ್ಟು ಎಂದು ಆ ಹಾಳೆಗಳು ಕೇಳುತ್ತವೆ.

2019ರ ಅಕ್ಟೋಬರ್‌ನಲ್ಲಿ ಆ ಚರ್ಚ್ ಹೆಣ್ಣುಮಕ್ಕಳೂ ದೀಕ್ಷಾಸ್ನಾನಕ್ಕೆ ಸಾಕ್ಷಿಗಳಾಗಿ ನಿಲ್ಲಬಹುದೆಂದಿತು. ಅದುವರೆಗೆ ಅದು ಪೌರೋಹಿತ್ಯ ಪಡೆದ ಗಂಡಸರ ಕೆಲಸವಾಗಿತ್ತು. ಇಂಥ ಬರಹಗಳಿಂದಲೇ ಇದಾಯಿತೆಂದು ನಾವು ಹೇಳುವುದಿಲ್ಲ. ಆದರೆ ಒಂದು ಕಾಲದಲ್ಲಿ ನಗೆಹನಿಯಾಗಿ ಮುಗಿಯುತ್ತಿದ್ದ ಪ್ರಶ್ನೆಗೆ ಉತ್ತರದ ಒಂದು ತುಣುಕಾದರೂ ಸಿಕ್ಕಿತಲ್ಲವೇ? ಮಗಳ ಮಾತಿಗೆ ನಗೋಣ, ತಪ್ಪಿಲ್ಲ. ನಕ್ಕ ಮೇಲೆ ಅವಳು ಕೇಳಿದ್ದಕ್ಕೆ ಉತ್ತರ ಕೊಡುವುದು ಬಾಕಿಯಿದೆ ಎಂಬುದನ್ನು ಮರೆಯದಿರೋಣ.