ಸಹಿ ಹಾಕಿದ ಮೇಲೆ ಓದಿದ ಹಾಳೆ

ಸಿನಿಮಾ, ಪುಸ್ತಕಗಳ ವಿಮರ್ಶೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಒಂದು ಹಾಳೆಯ ವಿಮರ್ಶೆ ಬರೀತೀನಿ. ಕಣ್ಣಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಅದು.

ನಮ್ಮವ್ವನಿಗೆ ಸಕ್ಕರೆ ಕಾಯಿಲೆ. ಕಣ್ಣಿನ ಒಳಪರದೆಯಲ್ಲಿ ನೀರು ತುಂಬಿ, ಬಸ್ಸಿನ ಬೋರ್ಡೂ ಕಾಣದ ಹಾಗಾದಾಗ ಊರಿಂದ ಮೈಸೂರಿಗೆ ಕರ್ಕೊಂಡು ಬಂದೆ. ಕಣ್ಣೊಳಗೆ ಇಂಜೆಕ್ಷನ್ ಕೊಡಬೇಕು ಅಂದ್ರು ಡಾಕ್ಟ್ರು. ನರ್ಸ್ ಇಂಗ್ಲಿಷಿನ ಹಾಳೆಯೊಂದನ್ನು ಮುಂದಿಟ್ಟರು. ಆಪ್ ಹಾಕಿಕೊಳ್ಳುವಾಗ 'ಐ ಅಗ್ರೀ' ಒತ್ತುವ ಹಾಗೆ ಸಹಿ ಹಾಕಿದೆ. ಆಮೇಲೆ ಕೂತು ಓದಿದರೆ ನಡುವೆ ಒಂದು ಸಾಲು: ಈ ಔಷಧದ ಬಳಕೆ 'ಆಫ್-ಲೇಬಲ್'. ಹೆಸರು ಬೆವಾಸಿಜುಮ್ಯಾಬ್. ಮೊಬೈಲಿನಲ್ಲಿ ಹುಡುಕಿದೆ. ಕರುಳಿನ ಕ್ಯಾನ್ಸರಿನ ಔಷಧ ಅಂತ ಬಂತು.

ನನ್ನ ಮುಖ ನೋಡಿ ಅವ್ವ "ಏನ್ ಬರ್ದವ್ರೆ ಮಗಾ?" ಅಂದಳು. ಬಿಇ ಓದಿದ ಮಗನ ಹತ್ರ ಉತ್ತರ ಇರಲಿಲ್ಲ.

ಉತ್ತರ ಕಷ್ಟದ್ದೇನಲ್ಲ. ಸರ್ಕಾರ ಒಂದು ಔಷಧಕ್ಕೆ ಅನುಮತಿ ಕೊಡುವಾಗ ಇಂಥ ಕಾಯಿಲೆಗೆ, ಇಷ್ಟು ಪ್ರಮಾಣದಲ್ಲಿ, ಹೀಗೆ ಕೊಡಬೇಕು ಅಂತ ಹೇಳಿರುತ್ತೆ. ಅದರಾಚೆ ಬಳಸಿದರೆ ಆಫ್-ಲೇಬಲ್. ಅನುಮತಿಯೇ ಇಲ್ಲದ ಔಷಧದ ಕತೆ ಬೇರೆ. ಬೆವಾಸಿಜುಮ್ಯಾಬ್‌ಗೆ ಅಮೆರಿಕದಲ್ಲಿ 2004ರಲ್ಲಿ ಕರುಳಿನ ಕ್ಯಾನ್ಸರಿಗೆ ಅನುಮತಿ ಸಿಕ್ಕಿತು. ಹೊಸ ರಕ್ತನಾಳಗಳು ಬೆಳೆಯೋದನ್ನ ಅದು ತಡೆಯುತ್ತೆ, ನಾಳಗಳು ಸೋರೋದನ್ನೂ ಕಡಿಮೆ ಮಾಡುತ್ತೆ. ಅದಕ್ಕೇ ಕಣ್ಣಿಗೂ ಬಂತು. ವಯಸ್ಸಾದವರಿಗೆ ಬರುವ ಮ್ಯಾಕ್ಯುಲಾ ಕಾಯಿಲೆಯಲ್ಲಿ, ಕಣ್ಣಿಗೆಂದೇ ಅನುಮತಿ ಪಡೆದ ದುಬಾರಿ ರಾನಿಬಿಜುಮ್ಯಾಬ್‌ನಷ್ಟೇ ಇದೂ ದೃಷ್ಟಿ ಕಾಪಾಡುತ್ತೆ ಅಂತ 2011ರಲ್ಲಿ ಅಮೆರಿಕದ 'ಕ್ಯಾಟ್' ಅಧ್ಯಯನ ತೋರಿಸಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಣ್ಣಿನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹಾಗಾದ್ರೆ ಭಯ ಯಾಕೆ? ಸೀಸೆಯಲ್ಲಿರೋದು 4 ಎಂಎಲ್, ಒಂದು ಕಣ್ಣಿಗೆ ಬೇಕಾದ್ದು 0.05 ಎಂಎಲ್. ಒಂದು ಸೀಸೆಯನ್ನ ಹಲವು ಸಿರಿಂಜಿಗೆ ಹಂಚುತ್ತಾರೆ. ಔಷಧ ಅಗ್ಗವಾಗೋದು ಅಲ್ಲೇ, ಸೋಂಕು ಒಳಗೆ ಬರೋ ಬಾಗಿಲೂ ಅದೇ. 2016ರ ಜನವರಿಯಲ್ಲಿ ಗುಜರಾತಿನಲ್ಲಿ ಇಂಜೆಕ್ಷನ್ ಪಡೆದ ಕೆಲವರ ಕಣ್ಣಿಗೆ ತೊಂದರೆಯಾಯಿತು. ಇದನ್ನು ಕಣ್ಣಿಗೆ ಬಳಸಬೇಡಿ ಅಂತ ಕೇಂದ್ರದ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು. ಹೀಗಾದರೆ ಬಡ ರೋಗಿಗಳ ಗತಿಯೇನು ಅಂತ ಕಣ್ಣಿನ ವೈದ್ಯರು ಕೇಳಿದರು. ಮಾರ್ಚ್‌ನಲ್ಲಿ ಎಚ್ಚರಿಕೆ ವಾಪಸ್ ಆಯಿತು.

ಈಗ ಹಾಳೆಗೆ ಬರೋಣ. 'ಆಫ್-ಲೇಬಲ್' ಅನ್ನೋ ಪದವನ್ನ ಅದು ಮುಚ್ಚಿಡಲಿಲ್ಲ, ಆ ಮಟ್ಟಿಗೆ ಪ್ರಾಮಾಣಿಕ. ಕತ್ತು ನೋವಿಗೆ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟಾಗ ಅಷ್ಟೂ ಹೇಳೋರು ಕಡಿಮೆ. ಮನೆಗೆ ಹೋಗಿ 'ಖಿನ್ನತೆಗೆ' ಅಂತ ಓದಿದೋರು ಮಾತ್ರೆಯನ್ನೇ ಬಿಟ್ಟುಬಿಡ್ತಾರೆ. ಆದರೆ ಈ ಹಾಳೆ ಅಪಾಯಗಳನ್ನೆಲ್ಲ ಒಂದೇ ಉಸಿರಿನಲ್ಲಿ ಪಟ್ಟಿ ಮಾಡುತ್ತೆ. ಯಾವುದು ಅಪರೂಪ, ಯಾವುದಕ್ಕೆ ಅರ್ಧರಾತ್ರೀಲೂ ಓಡಿ ಬರಬೇಕು, ಬೇರೆ ಔಷಧ ಇದೆಯಾ, ಅದಕ್ಕೆಷ್ಟು, ಸಿರಿಂಜ್ ತುಂಬಿದ್ದು ಎಲ್ಲಿ, ಯಾವಾಗ? ಇದ್ಯಾವುದೂ ಇಲ್ಲ. ಅದನ್ನ ಬರೆದಿರೋದು ನಾಳೆ ಕೋರ್ಟಿನಲ್ಲಿ ತೋರಿಸೋಕೆ. ಅವ್ವ ಅದರ ಓದುಗಳೇ ಅಲ್ಲ.

ವಿಚಿತ್ರ ಅಂದ್ರೆ, ಎದ್ದು ಹೋಗಿ ಕೇಳಿದಾಗ ಡಾಕ್ಟ್ರು ಬೇಜಾರು ಮಾಡ್ಕೊಳ್ಳದೆ ಇದನ್ನೆಲ್ಲ ಕನ್ನಡದಲ್ಲೇ ಹೇಳಿದರು. ನೋವು, ಕೆಂಪು, ಮಸುಕು ಜಾಸ್ತಿಯಾದರೆ ಬೆಳಗಾಗೋವರೆಗೆ ಕಾಯಬೇಡಿ ಅಂದರು. ಐದು ನಿಮಿಷವೂ ಆಗಲಿಲ್ಲ. ಆ ಐದು ನಿಮಿಷ ಹಾಳೆಯಲ್ಲಿ ಯಾಕಿಲ್ಲ?

ಅಪ್ಪ ಅಮ್ಮನ ಪರವಾಗಿ ಸಹಿ ಹಾಕುವ ವಯಸ್ಸು ನಮ್ಮದು. ಸಂಬಳದ ಆಫರ್ ಲೆಟರನ್ನ ಮೂರು ಸಲ ಓದುವ ನಾವು ಅವರ ಕಣ್ಣಿನ ಹಾಳೆಯನ್ನ ಒಂದು ಸಲವೂ ಓದಲ್ಲ. ಮುಂದಿನ ತಿಂಗಳ ಇಂಜೆಕ್ಷನ್‌ಗೆ ಹೋದಾಗ ಪೆನ್ನು ನನ್ನ ಕೈಗೆ ಬರೋ ಮೊದಲೇ ಅವ್ವ ಅಂದಳು: "ಮೊದ್ಲು ಓದಿ ಹೇಳು ಮಗಾ, ಆಮೇಲೆ ರುಜು ಹಾಕು."