ಆರುನೂರ ನಲವತ್ನಾಲ್ಕನೆಯ ಕೊಕ್ಕರೆ

ಹಿರೋಶಿಮಾ ದಿನಾಚರಣೆಗೆ ಕರ್ನಾಟಕದ ಹಲವು ಶಾಲೆಗಳಲ್ಲಿ ಒಂದು ಸಿದ್ಧ ಅಚ್ಚಿದೆ. ಆಗಸ್ಟ್ 6ರಂದು ಪ್ರಾರ್ಥನೆ ಮುಗಿದ ಮೇಲೆ ಒಂದು ಭಾಷಣ, ಒಂದು ನಿಮಿಷ ಮೌನ, ಪ್ರಬಂಧ ಸ್ಪರ್ಧೆ, ಆಮೇಲೆ ಕಾಗದದ ಕೊಕ್ಕರೆ. ಚೌಕ ಹಾಳೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿ, ತಿರುವಿ, ಒಳಮಡಿಕೆ ಬಿಡಿಸಿ, ಕೊಕ್ಕಿನ ತುದಿಯನ್ನು ಉಗುರಿನಿಂದ ಒತ್ತುವ ಈ ಕೆಲಸ ಮಕ್ಕಳಿಗೆ ಇಷ್ಟ, ಶಿಕ್ಷಕರಿಗೆ ಹಗುರ, ಪತ್ರಿಕೆಯ ಫೋಟೊಗೆ ಚೆಂದ. ಅಣ್ವಸ್ತ್ರದ ನೆನಪನ್ನು ಎಳೆಯರಿಗೆ ದಾಟಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂಬ ಹೆಸರೂ ಇದಕ್ಕೆ ಬಂದಿದೆ. ಹೆಸರು ಕೆಲಸವನ್ನು ಮೀರಿ ಬೆಳೆದಿದೆ.

ಆಚರಣೆಯ ಬೇರು ಸಡಾಕೊ ಸಸಾಕಿಯ ಕಥೆಯಲ್ಲಿದೆ. 1945ರಲ್ಲಿ ಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. ಮೈಮೇಲೆ ಗಾಯವಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. 1955ರ ಫೆಬ್ರುವರಿಯಲ್ಲಿ ಆಸ್ಪತ್ರೆ ಸೇರಿದವಳು ಅಕ್ಟೋಬರ್ 25ರಂದು ತೀರಿಕೊಂಡಳು. ಸಾವಿರ ಕೊಕ್ಕರೆ ಮಡಿಸಿದರೆ ಬಯಸಿದ್ದು ಕೈಗೂಡುತ್ತದೆ ಎಂಬ ಜಪಾನಿ ನಂಬಿಕೆಯಂತೆ ಹಾಸಿಗೆಯಲ್ಲೇ ಮಡಿಸತೊಡಗಿದ್ದಳು. ಲೋಕಕ್ಕೆ ಈ ಸಂಗತಿ ತಲುಪಿದ್ದು ಹೆಚ್ಚಾಗಿ ಎಲಿನರ್ ಕೋರ್ 1977ರಲ್ಲಿ ಇಂಗ್ಲಿಷಿನಲ್ಲಿ ಬರೆದ ಮಕ್ಕಳ ಪುಸ್ತಕದ ಮೂಲಕ. ವಿವರ ನೋಡಬೇಕಾದದ್ದು ಅದರ ಕೊನೆಯಲ್ಲಿ.

ಕೋರ್ ಪುಸ್ತಕದಲ್ಲಿ ಸಡಾಕೊ 644 ಕೊಕ್ಕರೆ ಮಡಿಸಿ ಸಾಯುತ್ತಾಳೆ. ಉಳಿದ 356ನ್ನು ಸಹಪಾಠಿಗಳು ಮಡಿಸಿ ಲೆಕ್ಕ ತುಂಬಿಸುತ್ತಾರೆ. ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯವೂ ಅವಳ ಮನೆಯವರೂ ಹೇಳುವುದು ಬೇರೆ. ಅವಳು ಸಾವಿರ ದಾಟಿಸಿದ್ದಳು. ದಾಟಿಸಿದ ಮೇಲೂ ನಿಲ್ಲಿಸಲಿಲ್ಲ. ಔಷಧದ ಪೊಟ್ಟಣದ ಕಾಗದವನ್ನೂ ಬಿಡದೆ, ಬೆರಳಿಗೆ ಸಿಗದಷ್ಟು ಸಣ್ಣ ಕೊಕ್ಕರೆಗಳನ್ನು ಸೂಜಿಯ ಮೊನೆಯಿಂದ ಮಡಿಸಿದಳು.

ಅಂಕಿಯಲ್ಲಿ ಇದು ಸಣ್ಣ ವ್ಯತ್ಯಾಸ. ಅರ್ಥದಲ್ಲಿ ಇಡೀ ಕಥೆಯೇ ತಲೆಕೆಳಗು. ಹರಕೆಯ ಲೆಕ್ಕ ಕನ್ನಡದ ಓದುಗರಿಗೆ ಹೊಸದಲ್ಲ. ಹೊತ್ತ ಹರಕೆ ಫಲಿಸದಿದ್ದರೆ ಎಲ್ಲೋ ಕೊರತೆಯಾಗಿರಬೇಕು, ಉಪವಾಸ ತಪ್ಪಿರಬೇಕು, ಒಂದು ತೆಂಗಿನಕಾಯಿ ಕಡಿಮೆಯಾಗಿರಬೇಕು ಎಂದು ಮನೆಯವರು ಸಮಾಧಾನ ತಂದುಕೊಳ್ಳುತ್ತಾರೆ. 644 ಎಂಬ ಅಂಕಿ ಮಾಡುವುದೂ ಇದನ್ನೇ. ಅವಳು ಸತ್ತದ್ದು ಲೆಕ್ಕ ತುಂಬದ್ದರಿಂದಲೋ ಏನೋ ಎಂಬ ಸಂದು ಬಿಡುತ್ತದೆ, ಆ ಸಂದಿನಲ್ಲಿ ಗೆಳೆಯರ ಕೈ ಬಂದು ಕೂರುತ್ತದೆ. ನಿಜದಲ್ಲಿ ಹರಕೆ ಪೂರ್ತಿ ಸಂದಿತ್ತು. ಸಂದ ಹರಕೆಯನ್ನು ರಕ್ತದೊಳಗಿನ ವಿಕಿರಣ ಲೆಕ್ಕಕ್ಕೇ ಹಿಡಿಯಲಿಲ್ಲ. ಸೂಜಿ ಹಿಡಿದ ಬೆರಳು ಸಾವಿರದ ಆಚೆಗೂ ಏಕೆ ಓಡುತ್ತಿತ್ತು ಎಂಬ ಪ್ರಶ್ನೆಗೆ ಕೋರ್ ಪುಸ್ತಕದಲ್ಲಿ ಜಾಗವೇ ಇಲ್ಲ. ಶಾಲೆಯ ಕೊಕ್ಕರೆ ಹುಟ್ಟಿದ್ದು ಆ 356ರಿಂದ: ಅವಳು ಬಿಟ್ಟದ್ದನ್ನು ನಾವು ಮುಗಿಸೋಣ ಎಂಬ ಉತ್ಸಾಹದಿಂದ. ಮುಗಿಸುವುದಕ್ಕೆ ಅವಳು ಏನನ್ನೂ ಬಿಟ್ಟುಹೋಗಿರಲಿಲ್ಲ.

ಮಕ್ಕಳ ಪುಸ್ತಕಕ್ಕೆ ಇಷ್ಟು ಸಾಕು, ಹನ್ನೆರಡರ ಮಗುವಿಗೆ ಅದಕ್ಕಿಂತ ಹೆಚ್ಚು ಹೊರಿಸಬಾರದು ಎನ್ನುವವರಿದ್ದಾರೆ. ಪುಸ್ತಕ ಓದಿ ಎಷ್ಟೋ ಮಕ್ಕಳು ಅತ್ತಿದ್ದಾರೆ ಎಂಬುದೂ ಸುಳ್ಳಲ್ಲ. ಆದರೆ ಈ ವಾದಕ್ಕೆ ಉತ್ತರ ರಾಯಚೂರು ಸೀಮೆಯ ಹಳ್ಳಿಗಳಲ್ಲೇ ಇದೆ. ಯಾಪಲದಿನ್ನಿಯಿಂದ ಮುದಗಲ್ಲಿನವರೆಗೆ ಕೃಷ್ಣೆ–ತುಂಗಭದ್ರೆಯರ ನಡುವಿನ ಈ ನಾಡು ದೂರದೇಶದ ಒಂದು ಕಗ್ಗೊಲೆಯನ್ನು ತಲೆತಲಾಂತರದಿಂದ ನೆನಪಿಟ್ಟುಕೊಂಡಿದೆ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗನನ್ನೂ ಸಂಗಡಿಗರನ್ನೂ ಕೊಂದದ್ದು ಮೊಹರಮ್ಮಿನ ಶೋಕದ ಹಾಡುಗಳಾದ ರಿವಾಯತ್ ಪದಗಳಲ್ಲಿ ಕನ್ನಡವಾಗಿದೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಕೂಡ ಅಲಾಯಿ ಕುಣಿ ಎಂಬ ಬೆಂಕಿಗುಂಡಿ ತೋಡುತ್ತಾರೆ, ಕೈಯಾಕಾರದ ಪಂಜಾ ಹೊರುತ್ತಾರೆ. ಸತ್ತವರಿಗೆ ಅಲ್ಲಿ ಹೆಸರಿದೆ. ಕೊಂದವನಿಗೂ ಹೆಸರಿದೆ. ನೀರು ತಡೆದದ್ದು ಯಾವ ಹೊಳೆಯ ದಂಡೆಯಲ್ಲಿ ಎಂಬುದು ಅಕ್ಷರ ಬಾರದ ಅಜ್ಜಿಗೂ ಗೊತ್ತು. ಅರಬ್ಬಿಯ ಕತ್ಲ್, ಅಂದರೆ ಕೊಲೆ, ಈ ಸೀಮೆಯ ನಾಲಿಗೆಯಲ್ಲಿ ಕತ್ತಲ ರಾತ್ರಿಯಾಗಿದೆ. ಮಕ್ಕಳನ್ನು ಇದರಿಂದ ದೂರ ಇಟ್ಟವರಿಲ್ಲ. ಪಂಜಾದ ಮುಂದೆ ಕುಣಿಯುವವರಲ್ಲಿ ಎಷ್ಟೋ ಜನ ಅವರೇ.

ಈ ಹೋಲಿಕೆಗೆ ಅಡ್ಡ ಬರುವುದು ಜಾನಪದ ವಿಮರ್ಶೆಯೇ. ಮೊಹರಂ ಎಂದೊಡನೆ ಭಾವೈಕ್ಯ ಎಂದು ಬರೆದು ಮುಂದೆ ಸಾಗುವುದು ಅದರ ರೂಢಿ. ಹಿಂದೂಗಳೂ ಕುಣಿದರು, ಮುಸ್ಲಿಮರೂ ಕುಣಿದರು, ಸಾಮರಸ್ಯ ಮೆರೆಯಿತು ಎಂಬಲ್ಲಿಗೆ ಲೇಖನ ಮುಗಿಯುತ್ತದೆ. ಕುಣಿದವರ ಜಾತಿ ಎಣಿಸುವ ಭರದಲ್ಲಿ ಅವರು ಅಳುತ್ತಿರುವುದು ಯಾರಿಗಾಗಿ ಎಂಬುದೇ ಬಿಟ್ಟುಹೋಗುತ್ತದೆ. ಮೊಹರಂ ಸಾಮರಸ್ಯದ ಪಾಠಕ್ಕಾಗಿ ಕಟ್ಟಿದ ಹಬ್ಬವಲ್ಲ. ಅದು ಶೋಕ, ಅಧಿಕಾರ ಮಾಡಿದ ಒಂದು ನಿರ್ದಿಷ್ಟ ಕೊಲೆಯ ಮೇಲಿನ ಮರೆಯದ ದೂರು. ಸಾಮರಸ್ಯ ಅದರ ಬೆನ್ನಿಗೆ ಬಂದ ಫಲ. ಫಲವನ್ನೇ ಬೇರು ಎಂದು ತಿಳಿದ ಈ ವಿಮರ್ಶೆಯೂ ದುಃಖವನ್ನು ಕಾಗದದ ಹಕ್ಕಿಯಾಗಿ ಮಡಿಸಿಟ್ಟ ಶಾಲಾ ಆಚರಣೆಯೂ ಒಂದೇ ಮನೆಯವು. ಎರಡಕ್ಕೂ ಶಾಂತಿ ಬೇಕು, ಸತ್ತವರು ಬೇಡ. ಮೊಹರಂ ಧರ್ಮದ ವಿಷಯ, ಹಿರೋಶಿಮಾ ವಿಜ್ಞಾನದ ವಿಷಯ ಎಂದು ಇವೆರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡುವವರಿಗೆ ನೀರಿನ ಸಂಗತಿ ಒಂದೇ ಸಾಕು.

ಹಿರೋಶಿಮಾದಲ್ಲಿ ಬದುಕುಳಿದವರ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಮಿಜು, ಅಂದರೆ ನೀರು. ಚರ್ಮ ಸುಲಿದು ನೇತಾಡುತ್ತಿದ್ದವರು ನೀರು ಕೇಳಿದರು. ಕುಡಿದರೆ ಸಾಯುತ್ತಾರೆಂದು ಹಲವರಿಗೆ ಕೊಡಲಿಲ್ಲ. ಕೊಡದೆಯೂ ಸತ್ತರು. ಆ ನಗರದ ಸ್ಮರಣೆಯಲ್ಲಿ ಇಂದಿಗೂ ಪ್ರತಿ ಆಗಸ್ಟ್ 6ರಂದು ಸ್ಮಾರಕದ ಮುಂದೆ ನೀರು ಅರ್ಪಿಸುತ್ತಾರೆ. ಕರ್ಬಲಾದ ಬಾಯಾರಿಕೆಗಾಗಿ ಬೀದಿಯಲ್ಲಿ ಶರಬತ್ತು ಹಂಚುವ ಊರಿನ ಮಗುವಿಗೆ ಇದನ್ನು ತಿಳಿಸಲು ಒಂದು ತಂಬಿಗೆ ನೀರು ಸಾಕು. ಜಪಾನಿನ ಹಕ್ಕಿಯೇ ಆಗಬೇಕೆಂದಿಲ್ಲ.

ಶಾಲೆಯ ಭಾಷಣ ಬಿಟ್ಟುಬಿಡುವುದು ಇದೊಂದನ್ನೇ ಅಲ್ಲ. 1945ರ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 70,000 ಜನ ಸತ್ತಿದ್ದರು ಎಂಬ ಅಂಕಿ ಭಾಷಣದಲ್ಲಿ ಇರುತ್ತದೆ. ಹಿರೋಶಿಮಾದ ಬಾಂಬಿನಲ್ಲಿದ್ದ ಸುಮಾರು 64 ಕಿಲೊ ಯುರೇನಿಯಂನಲ್ಲಿ ಒಂದು ಕಿಲೊಗಿಂತ ಕಡಿಮೆ ಮಾತ್ರ ಸಿಡಿದು ಇಷ್ಟೆಲ್ಲ ಆಯಿತು ಎಂಬುದು ಇರುವುದಿಲ್ಲ. 1974ರ ಮೇ 18ರಂದು ಪೋಖ್ರಾನಿನಲ್ಲಿ ಭಾರತದ ಅಣುಸ್ಫೋಟ ನಡೆಸಿದ ತಂಡದ ಮುಂದಾಳು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಅವರ ಹೆಸರು ಬರುವುದು ನವೆಂಬರ್ ತಿಂಗಳ ನಾಡ ಹೆಮ್ಮೆಯ ಪಟ್ಟಿಯಲ್ಲಿ, ಆಗಸ್ಟ್ 6ರಂದಲ್ಲ. ಯುರೇನಿಯಂ ಸಾಂದ್ರೀಕರಿಸುವ ಘಟಕ ಮೈಸೂರಿನ ಹತ್ತಿರದ ರತ್ನಹಳ್ಳಿಯಲ್ಲಿದೆ. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ 87ರ ವಯಸ್ಸಿನ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೇ ನಿಂತಿದ್ದರು. ಅದನ್ನು ಪರಿಸರ ಎಂಬ ಅಧ್ಯಾಯಕ್ಕೆ ಸೇರಿಸಿ ಮುಚ್ಚಲಾಗಿದೆ.

ರಾಯಚೂರಿಗೆ ಇನ್ನೂ ಹತ್ತಿರ, ಕೃಷ್ಣೆಯ ಆಚೆ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿ ಇದೆ. ಅಲ್ಲಿನ ನೆಲದಡಿ ಯುರೇನಿಯಂ ಪತ್ತೆಯಾಗಿದೆ. ಗಣಿಗಾರಿಕೆಯನ್ನು ಊರವರು ವಿರೋಧಿಸಿದ್ದಾರೆ. ಅದಿರಿನ ಅಧಿಕೃತ ಉದ್ದೇಶ ವಿದ್ಯುತ್ ಸ್ಥಾವರಗಳ ಇಂಧನ. ಅದೇ ಗೋಗಿಯಲ್ಲಿ, ಚಂದಾ ಹುಸೇನಿಯ ದರ್ಗಾದ ಬಳಿ, ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಗೋರಿಗಳಿವೆ. ಆ ವಂಶವನ್ನು ಕಟ್ಟಿದ ಯೂಸುಫ್ ಆದಿಲಶಾಹ ಕರ್ಬಲಾದ ಶೋಕವನ್ನು ತನ್ನದಾಗಿಸಿಕೊಂಡ ಶಿಯಾ ಪಂಥವನ್ನು ದಖ್ಖನಿನಲ್ಲಿ ರಾಜ್ಯದ ಪಂಥವಾಗಿ ಸಾರಿದವನು.

ಅಣ್ವಸ್ತ್ರ ನಿಷೇಧ ಒಪ್ಪಂದವನ್ನು 2017ರ ಜುಲೈ 7ರಂದು ವಿಶ್ವಸಂಸ್ಥೆಯಲ್ಲಿ 122 ದೇಶಗಳು ಅಂಗೀಕರಿಸಿದವು. 2021ರ ಜನವರಿ 22ರಿಂದ ಅದು ಜಾರಿಯಲ್ಲಿದೆ. ಅದರ ಹಿಂದಿನ ದಾರಿ ಸವೆಸಿದವರು ಬಾಂಬಿಗೆ ಸಿಕ್ಕಿ ಬದುಕುಳಿದವರೇ. ಅವರ ಸಂಘಟನೆ ನಿಹೊನ್ ಹಿಡಾಂಕ್ಯೊಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಣ್ವಸ್ತ್ರವುಳ್ಳ ಉಳಿದ ದೇಶಗಳಂತೆ ಭಾರತವೂ ಒಪ್ಪಂದದ ಹೊರಗಿದೆ. ಆದರೂ ಲೋಕಸಭೆ ಆಗಸ್ಟ್‌ನಲ್ಲಿ ಹಿರೋಶಿಮಾದ ಮೃತರಿಗಾಗಿ ಎದ್ದು ನಿಂತು ಮೌನ ಆಚರಿಸುತ್ತದೆ. ಶಾಲೆಯ ಒಂದು ನಿಮಿಷ ಆ ಮೌನದ ಚಿಕ್ಕ ಪ್ರತಿ. ಎರಡರಲ್ಲೂ ಒಪ್ಪಂದದ ಹೆಸರಿಲ್ಲ.

ಮಡಿಸಿದ ಕೊಕ್ಕರೆಗಳನ್ನು ದಾರಕ್ಕೆ ಪೋಣಿಸಿ ವರಾಂಡದಲ್ಲಿ ಕಟ್ಟುತ್ತಾರೆ. ಆಗಸ್ಟ್ 9, ನಾಗಸಾಕಿಯ ದಿನ, ಸಾಮಾನ್ಯವಾಗಿ ಮಾತಿಲ್ಲದೆ ಕಳೆಯುತ್ತದೆ. 15ರ ತೋರಣಕ್ಕೆ ಅದೇ ಮೊಳೆ ಬೇಕಾಗುತ್ತದೆ.