ಹಿರಿಯಣ್ಣನವರ ಪಾಠ, ನಮ್ಮ ಶುಕ್ರವಾರ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ, ತತ್ತ್ವಶಾಸ್ತ್ರಗಳನ್ನು ಕಲಿಸಿದ ಪ್ರೊ. ಎಂ. ಹಿರಿಯಣ್ಣನವರು (1871–1950) ನಿವೃತ್ತರಾದದ್ದು 1927ರಲ್ಲಿ. ಅವರ ವಿಚಾರ ದೂರದೂರಕ್ಕೆ ತಲುಪಿದ್ದು ಆಮೇಲೆಯೇ. ತರಗತಿಯ ಉಪನ್ಯಾಸಗಳಿಂದ ರೂಪುಗೊಂಡು 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಪಠ್ಯವಾಯಿತು.

ಆದರೆ ನಮ್ಮಂಥ ಸಂಘದವರಿಗೆ ಹೆಚ್ಚು ಹತ್ತಿರವಾದದ್ದು, ಅವರು ತೀರಿಕೊಂಡ ಮೇಲೆ 1954ರಲ್ಲಿ ಬಂದ ‘ಆರ್ಟ್ ಎಕ್ಸ್‌ಪೀರಿಯನ್ಸ್’. ಇದರ ಉದಾಹರಣೆಗಳು ಹೆಚ್ಚಾಗಿ ಸಂಸ್ಕೃತದವು. ನಮ್ಮ ಯಕ್ಷಗಾನ, ಜನಪದಗಳಿಗೆ ಇಲ್ಲಿ ಜಾಗವಿಲ್ಲವೆಂಬುದು ಕೊರತೆಯೇ. ಆದರೂ ತಿರುಳು ಎಲ್ಲರಿಗೂ ಸಲ್ಲುವಂಥದು. ಕಲೆಯನ್ನು ಸವಿಯುವಾಗ ಮನುಷ್ಯ ತನ್ನ ಲಾಭ-ನಷ್ಟ ಮರೆಯುತ್ತಾನೆ. ಆ ಆನಂದ ಮೋಕ್ಷಕ್ಕೆ ಸಮೀಪವಾದರೂ ನಾಟಕ ಮುಗಿದೊಡನೆ ಕರಗುತ್ತದೆ. ಅದು ಉಳಿಯಬೇಕಾದರೆ ಅರಿವೂ ಬೇಕು, ನಡತೆಯ ಸಾಧನೆಯೂ ಬೇಕು.

ಅಲ್ ಮನ್ಸೂರಾದಲ್ಲಿ ಶುಕ್ರವಾರ ಭಾವಗೀತೆ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಭಾನುವಾರ ಕೆಲಸಕ್ಕೆ ಹೊರಡುವಾಗ ಕಟ್ಟಡದ ಕಾವಲುಗಾರನ ಮುಖವನ್ನೂ ನೋಡುವುದಿಲ್ಲ. ನಾನೂ ಅಷ್ಟೇ. ಪುಸ್ತಕ ಮುಚ್ಚಿದ ಮರುದಿನ ಅವನ ಊರು ಯಾವುದೆಂದು ಕೇಳಿದೆ. ಮೇಷ್ಟರ ಪ್ರಭಾವ ಎಂದರೆ ಇದೇ ಇರಬೇಕು. ಸದಸ್ಯ ಬಂಧುಗಳು ಓದಿ ನೋಡಿ.